ಬ್ಲಾಂಡ್ ಏಲ್‌ನಲ್ಲಿ ‘ಏನೂ ಇಲ್ಲ’ ಅನ್ನಿಸಿದ್ದು ಯಾಕೆ?

ಪ್ರಶ್ನೆ: ನಾನು ಕಲಬುರಗಿಯವನು, ವಯಸ್ಸು 34. ತಿಂಗಳಿಗೆ ಒಂದೆರಡು ಸಲ ಬಿಯರ್ ಕುಡಿಯುತ್ತೇನೆ, ಅದೂ ಸ್ಟ್ರಾಂಗ್. ಹೋದ ಚಳಿಗಾಲದಲ್ಲಿ ಬೆಂಗಳೂರಿಗೆ ಹೋದಾಗ ಗೆಳೆಯರು ಒಂದು ಮೈಕ್ರೋಬ್ರೂವರಿಯಲ್ಲಿ ಬ್ಲಾಂಡ್ ಏಲ್ ಕೊಡಿಸಿದರು. ಸರಾಗವಾಗಿ ಇಳಿಯಿತು. ಆದರೆ ಅದರಲ್ಲಿ ಏನೂ ಇಲ್ಲ ಅನ್ನಿಸಿತು. ಒಬ್ಬ ಗೆಳೆಯ ‘ಇದು ಹೆಂಗಸರ ಬಿಯರ್’ ಅಂದ. ಇನ್ನೊಬ್ಬ ‘ಬಿಯರ್ ಮಾಡುವವನ ಕೈ ನೋಡಬೇಕಾದರೆ ಇದನ್ನೇ ಕುಡಿಯಬೇಕು’ ಅಂದ. ಊರಿಗೆ ಬಂದ ಮೇಲೆ ಮೇ ತಿಂಗಳಲ್ಲಿ ಇಲ್ಲೇ ಒಂದು ಅಂಗಡಿಯಲ್ಲಿ ‘ಬ್ಲಾಂಡ್’ ಅಂತ ಬರೆದ ಬಾಟಲಿ ಸಿಕ್ಕಿತು. ಫ್ರೀಜರ್‌ನಲ್ಲಿಟ್ಟು ಕುಡಿದೆ. ಆ ರುಚಿಯೇ ಬೇರೆ, ಒಂಥರಾ ಹಳಸಿದ ಹಾಗೆ. ಈ ಬ್ಲಾಂಡ್ ಏಲ್ ಅಂದರೆ ನಿಜಕ್ಕೂ ಏನು? ಲಾಗರ್‌ಗಿಂತ ಹೇಗೆ ಬೇರೆ? ಅದರ ಸವಿ ಸಿಗಬೇಕಾದರೆ ಹೇಗೆ ಕುಡಿಯಬೇಕು?

ಉತ್ತರ: ನಿಮ್ಮ ಎರಡನೇ ಗೆಳೆಯ ಹೇಳಿದ್ದು ಸರಿ. ಆದರೆ ‘ಏನೂ ಇಲ್ಲ’ ಅಂತ ನಿಮಗೆ ಅನ್ನಿಸಿದ್ದೂ ಸುಳ್ಳಲ್ಲ. ಸ್ಟ್ರಾಂಗ್ ಬಿಯರ್ ರೂಢಿಯಾದ ನಾಲಿಗೆಗೆ ಬ್ಲಾಂಡ್ ಏಲ್ ಮೊದಲ ಸಲ ಹಾಗೇ ಕಾಣುತ್ತದೆ. ನಾನೂ ಕಲಬುರಗಿಯಲ್ಲೇ ಬೆಳೆದವನು. ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿ ಬಿಯರ್ ತಯಾರಿಸುವ ಕೆಲಸದಲ್ಲಿದ್ದೇನೆ. ಸ್ಟೌಟ್, ಐಪಿಎ, ಗೋಧಿ ಬಿಯರ್ ಎಲ್ಲಾ ಮಾಡಿದ್ದೇನೆ. ನನ್ನ ನಿದ್ದೆ ಜಾಸ್ತಿ ಕೆಡಿಸಿದ್ದು ಮಾತ್ರ ಈ ಬ್ಲಾಂಡ್ ಏಲ್.

ಯಾಕೆ ಅನ್ನುವುದಕ್ಕೆ ನಮ್ಮ ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಇರುವುದು ಹಿಟ್ಟು ಮತ್ತು ನೀರು, ಅಷ್ಟೇ. ಎಣ್ಣೆ ಇಲ್ಲ, ಮಸಾಲೆ ಇಲ್ಲ, ಬಹಳ ಮನೆಗಳಲ್ಲಿ ಉಪ್ಪೂ ಇಲ್ಲ. ಹಿಟ್ಟು ಹಳೆಯದಾಗಿದ್ದರೆ ಜಿಗಿ ಇರುವುದಿಲ್ಲ, ಬಡಿಯುವಾಗಲೇ ಅಂಚು ಬಿರಿಯುತ್ತದೆ, ಬಾಯಲ್ಲಿ ಸಣ್ಣ ಕಹಿ ಉಳಿಯುತ್ತದೆ. ಅದೇ ಹಳೇ ಹಿಟ್ಟನ್ನು ಮೆಂತ್ಯ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ತಟ್ಟಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬ್ಲಾಂಡ್ ಏಲ್ ಬಿಳಿ ರೊಟ್ಟಿಯ ಹಾಗೆ. ಸ್ಟೌಟ್‌ನಲ್ಲಿ ಹುರಿದ ಕಾಳಿನ ಕಪ್ಪು ರುಚಿ ಇದೆ, ಐಪಿಎಯಲ್ಲಿ ಹಾಪ್ಸ್ ಅನ್ನುವ ಹೂವಿನ ಕಹಿ ಮತ್ತು ಘಮ ಇದೆ. ತಪ್ಪು ಅವುಗಳ ಹಿಂದೆ ಅಡಗಿ ಕೂರುತ್ತದೆ. ಇದರಲ್ಲಿ ಅಡಗಲು ಜಾಗ ಇಲ್ಲ.

ಇನ್ನು ಅದು ಏನು ಅನ್ನುವುದು. ಎಲ್ಲಾ ಬಿಯರ್‌ಗೂ ಬೇಕಾಗಿರುವುದು ನಾಲ್ಕು: ನೀರು, ಮಾಲ್ಟ್, ಹಾಪ್ಸ್, ಯೀಸ್ಟ್. ಮಾಲ್ಟ್ ಅಂದರೆ ಬಾರ್ಲಿಯನ್ನು, ಅಂದರೆ ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಬಿಸಿ ಗಾಳಿಯಲ್ಲಿ ಒಣಗಿಸಿದ ಕಾಳು. ಎಷ್ಟು ಬಿಸಿಯಲ್ಲಿ ಒಣಗಿಸುತ್ತೀರಿ ಅನ್ನುವುದರ ಮೇಲೆ ಬಣ್ಣ ನಿಂತಿದೆ. ಬ್ಲಾಂಡ್ ಏಲ್‌ಗೆ ಬಳಸುವುದು ತೆಳು ಬಣ್ಣದ ಮಾಲ್ಟ್. ಅದನ್ನು ಕೊನೆಯಲ್ಲಿ ಸುಮಾರು 80ರಿಂದ 85 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಕಾಯಿಸುತ್ತಾರೆ. ಕಾಳು ಒಣಗಬೇಕು, ಕೆಂಪಗಾಗಬಾರದು. ಈ ಮಾಲ್ಟನ್ನು ನುಚ್ಚು ಮಾಡಿ 65 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿ ನೀರನ್ನು ಸೋಸಿ, ಹಾಪ್ಸ್ ಹಾಕಿ ಒಂದು ಒಂದೂವರೆ ಗಂಟೆ ಕುದಿಸುತ್ತೇವೆ. ತಣಿಸಿ ಯೀಸ್ಟ್ ಹಾಕುತ್ತೇವೆ. ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವ ಉಳಿದ ಕೆಲಸ ಯೀಸ್ಟ್‌ದು.

ಏಲ್ ಮತ್ತು ಲಾಗರ್ ಬೇರೆಯಾಗುವುದು ಇಲ್ಲಿ. ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ, ಕಪ್ಪು ಲಾಗರ್ ಕೂಡ ಇದೆ. ಏಲ್‌ಗೆ ಹಾಕುವುದು ಸ್ಯಾಕರೋಮೈಸಿಸ್ ಸೆರೆವಿಸಿಯೇ ಅನ್ನುವ ಯೀಸ್ಟ್. ಬೇಕರಿಯಲ್ಲಿ ಬನ್ ಉಬ್ಬಿಸುವುದೂ ಇದೇ ಜಾತಿ. ಬ್ಲಾಂಡ್ ಏಲ್‌ನಲ್ಲಿ ಇದು 17ರಿಂದ 20 ಡಿಗ್ರಿಯಲ್ಲಿ ಹುದುಗುತ್ತದೆ, ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ. ಹುದುಗುವಾಗ ಹಣ್ಣಿನ ಘಮದ ಕೆಲವು ಅಂಶಗಳನ್ನೂ ಬಿಡುತ್ತದೆ. ಲಾಗರ್ ಯೀಸ್ಟ್ ಬೇರೆ ಜಾತಿಯದು. ಅದು 8ರಿಂದ 13 ಡಿಗ್ರಿ ಚಳಿಯಲ್ಲಿ ನಿಧಾನಕ್ಕೆ ಹುದುಗುತ್ತದೆ, ಆಮೇಲೆ ವಾರಗಟ್ಟಲೆ ಇನ್ನೂ ತಣ್ಣಗೆ ಮಲಗಬೇಕು. ಹಾಗಾಗಿ ಲಾಗರ್ ಹೆಚ್ಚು ಚೊಕ್ಕ, ಹಣ್ಣಿನ ಘಮ ಕಡಿಮೆ. ನಮ್ಮ ಕಡೆಯ ಶಿಂದಿಯನ್ನು ಬೆಳಗಿನ ಹೊತ್ತು ಮೂಸಿ ನೋಡಿದವರಿಗೆ ಹುದುಗುವಿಕೆಯ ಹಣ್ಣಿನ ವಾಸನೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಬ್ಲಾಂಡ್ ಏಲ್‌ನಲ್ಲಿ ಅದರ ನೆರಳು ಇದ್ದರೆ ಸಾಕು. ಸೇಬು ಕೊಯ್ದ ತಟ್ಟೆ ಪಕ್ಕದಲ್ಲಿದೆ ಅನ್ನುವಷ್ಟು.

ಅಮೆರಿಕದಲ್ಲಿ ಸಣ್ಣ ಬ್ರೂವರಿಗಳು ಹುಟ್ಟಿಕೊಂಡಾಗ ಈ ಶೈಲಿ ಬೆಳೆಯಿತು. ಅಲ್ಲಿನ ಜನ ಕುಡಿಯುತ್ತಿದ್ದದ್ದು ದೊಡ್ಡ ಕಂಪನಿಗಳ ತೆಳು ಲಾಗರ್. ಅವರನ್ನು ಹೆದರಿಸದೆ ಏಲ್ ಕಡೆ ಕರೆದುಕೊಂಡು ಬರಲು ಒಂದು ಬಿಯರ್ ಬೇಕಿತ್ತು. ಲಾಗರ್‌ಗೆ ವಾರಗಟ್ಟಲೆ ಟ್ಯಾಂಕ್ ಕಟ್ಟಿಹಾಕುವ ಶಕ್ತಿ ಸಣ್ಣವರಿಗೆ ಇರಲಿಲ್ಲ, ಏಲ್ ಬೇಗ ಆಗುತ್ತದೆ. ಬಿಯರ್ ತೀರ್ಪುಗಾರರ ಅಮೆರಿಕನ್ ಸಂಸ್ಥೆ ಬಿಜೆಸಿಪಿ ಬರೆದಿಟ್ಟಿರುವ ಅಳತೆ ಪ್ರಕಾರ ಬ್ಲಾಂಡ್ ಏಲ್‌ನಲ್ಲಿ ಆಲ್ಕೋಹಾಲ್ ಶೇ. 3.8ರಿಂದ 5.5. ಕಹಿಯನ್ನು ಐಬಿಯು ಅನ್ನುವ ಮಾನದಲ್ಲಿ ಅಳೆಯುತ್ತಾರೆ, ಅದು 15ರಿಂದ 28. ಅಮೆರಿಕನ್ ಐಪಿಎಯಲ್ಲಿ ಅದೇ ಕಹಿ 40ರಿಂದ 70 ಇರುತ್ತದೆ. ಬಣ್ಣ ತೆಳು ಹಳದಿಯಿಂದ ಗಾಢ ಬಂಗಾರದವರೆಗೆ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಒಣಗಿ ನಿಂತ ಜೋಳದ ಕಣಿಕೆ ಸಂಜೆ ಬಿಸಿಲಲ್ಲಿ ಹೇಗೆ ಕಾಣುತ್ತದೋ, ಆ ಬಣ್ಣ ಅಂದುಕೊಳ್ಳಿ. ಹವಾಯಿಯ ಕೋನಾದವರ ‘ಬಿಗ್ ವೇವ್’, ಕ್ಯಾಲಿಫೋರ್ನಿಯಾದ ‘805’ ಈ ಜಾತಿಯ ಹೆಸರಾದ ಬಿಯರ್‌ಗಳು. ಬೆಂಗಳೂರಿನ ಟಾಯ್ಟ್‌ನವರು ‘ಬಾಸ್ಮತಿ ಬ್ಲಾಂಡ್’ ಅಂತ ಮಾಡುತ್ತಾರೆ, ಅದರಲ್ಲಿ ಬಾಸ್ಮತಿ ಅಕ್ಕಿಯೂ ಸೇರುತ್ತದೆ. ಅಕ್ಕಿ ಸೇರಿದರೆ ಬಿಯರ್ ಇನ್ನಷ್ಟು ಹಗುರಾಗುತ್ತದೆ.

ಈಗ ನಿಮ್ಮ ಕಲಬುರಗಿ ಬಾಟಲಿಗೆ ಬರುತ್ತೇನೆ. ಲೇಬಲ್ ಮೇಲೆ ‘ಬ್ಲಾಂಡ್’ ಇದ್ದ ಮಾತ್ರಕ್ಕೆ ಅದು ಬ್ಲಾಂಡ್ ಏಲ್ ಅಲ್ಲ. ಫ್ರೆಂಚ್‌ನಲ್ಲಿ ಬ್ಲಾಂಡ್ ಅಂದರೆ ಹೊಂಬಣ್ಣದ, ಕೂದಲಿಗೆ ಹೇಳುವ ಮಾತು. ಬಿಯರ್‌ಗೆ ಅಂದಾಗ ತೆಳು ಬಣ್ಣದ್ದು ಅಂತ ಅರ್ಥ, ಅಷ್ಟೇ. ಫ್ರಾನ್ಸ್‌ನಲ್ಲಿ ಲಾಗರ್‌ಗೂ ಬ್ಲಾಂಡ್ ಅಂತಾರೆ. ನಮ್ಮಲ್ಲಿ ‘ಬೀರಾ 91 ಬ್ಲಾಂಡ್’ ಬಂತಲ್ಲ, ಅದು ಲಾಗರ್. ಬೆಲ್ಜಿಯಂನ ‘ಲೆಫ್ ಬ್ಲಾಂಡ್’ ಏಲ್ ಹೌದು, ಆದರೆ ಅದು ಬೇರೆಯೇ ಮನೆತನ. ಆಲ್ಕೋಹಾಲ್ ಶೇ. 6.6, ಲವಂಗದ ನೆನಪು ತರುವ ಮಸಾಲೆ ಘಮ, ಸ್ವಲ್ಪ ಸಿಹಿ. ಬೆಲ್ಜಿಯನ್ ಬ್ಲಾಂಡ್‌ಗಳು ಶೇ. 6ರಿಂದ 7.5ರವರೆಗೆ ಹೋಗುತ್ತವೆ. ಅದನ್ನು ಕುಡಿದು ‘ಬ್ಲಾಂಡ್ ಏಲ್ ಹೀಗಿರುತ್ತದೆ’ ಅಂದುಕೊಂಡರೆ ಬೆಂಗಳೂರಿನ ಗ್ಲಾಸು ನಿರಾಸೆ ಮಾಡುತ್ತದೆ.

ಹತ್ತಿರದ ನೆಂಟ ಅಂದರೆ ಜರ್ಮನಿಯ ಕೋಲೋನ್ ಊರಿನ ಕೋಲ್ಶ್. ಅದನ್ನು ಏಲ್ ಯೀಸ್ಟ್‌ನಲ್ಲಿ ಹುದುಗಿಸಿ ಲಾಗರ್ ಹಾಗೆ ತಣ್ಣಗೆ ಮಲಗಿಸುತ್ತಾರೆ. 1986ರಲ್ಲಿ ಅಲ್ಲಿನ ಬ್ರೂವರಿಗಳು ಒಪ್ಪಂದ ಮಾಡಿಕೊಂಡು, ಕೋಲೋನ್ ಸುತ್ತಮುತ್ತ ಮಾಡಿದ್ದಕ್ಕೆ ಮಾತ್ರ ಕೋಲ್ಶ್ ಅನ್ನಬೇಕು ಅಂತ ಕಟ್ಟು ಹಾಕಿದವು. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಸಿಕ್ಕ ಜಿಐ ಗುರುತಿನ ಹಾಗೆ. ಅಲ್ಲಿ ಕೋಲ್ಶ್ ಕೊಡುವುದು 200 ಮಿ.ಲೀ. ಹಿಡಿಯುವ ಸಣ್ಣ ಉದ್ದನೆ ಗ್ಲಾಸಿನಲ್ಲಿ. ಖಾಲಿಯಾದ ಕೂಡಲೇ ಕೇಳದೆ ಇನ್ನೊಂದು ತಂದಿಡುತ್ತಾರೆ. ಸಾಕು ಅನ್ನಿಸಿದರೆ ಗ್ಲಾಸಿನ ಮೇಲೆ ರಟ್ಟಿನ ಬಿಲ್ಲೆ ಮುಚ್ಚಬೇಕು. ಸಣ್ಣ ಗ್ಲಾಸು ಯಾಕೆ ಅಂದರೆ, ಈ ತೆಳು ಬಿಯರ್ ಬಿಸಿಯಾಗುವ ಮೊದಲು, ನೊರೆ ಇಳಿಯುವ ಮೊದಲು ಮುಗಿಯಬೇಕು. ಈ ಬುದ್ಧಿ ನಮ್ಮೂರಿಗೆ ಇನ್ನೂ ಜಾಸ್ತಿ ಬೇಕು.

‘ಹೆಂಗಸರ ಬಿಯರ್’ ಅನ್ನುವ ಮಾತಿಗೆ ನನ್ನ ಹತ್ತಿರ ಉದ್ದ ಉತ್ತರ ಇಲ್ಲ. ರುಚಿಗೆ ಗಂಡು ಹೆಣ್ಣು ಇಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಏಲ್ ಮಾಡುತ್ತಿದ್ದವರಲ್ಲಿ ಹೆಂಗಸರೇ ಜಾಸ್ತಿ ಇದ್ದರು, ನಮ್ಮ ಕಸುಬಿನ ಹಿರಿಯರು ಅವರೇ.

ಈ ಬಿಯರ್ ಎಷ್ಟು ನಾಜೂಕು ಅನ್ನುವುದಕ್ಕೆ ನೀರಿನ ಮಾತು ಹೇಳಲೇಬೇಕು. ಶಹಾಬಾದ್, ವಾಡಿ, ಸೇಡಂ ಕಡೆ ನೆಲದ ಕೆಳಗೆ ಸುಣ್ಣದ ಕಲ್ಲು. ಮನೆಗೆ ಹಾಸುವ ಫರ್ಸಿಯೂ ಅದೇ, ಸಿಮೆಂಟ್ ಕಾರ್ಖಾನೆಗಳು ಬಂದಿದ್ದೂ ಅದಕ್ಕೇ. ಆ ಕಡೆಯ ಬೋರ್ ನೀರಲ್ಲಿ ತೊಗರಿ ಬೇಳೆ ಬೇಗ ಬೇಯುವುದಿಲ್ಲ, ನೀರು ಕಾಯಿಸುವ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ಅಂಥ ನೀರಲ್ಲಿ ಬೈಕಾರ್ಬನೇಟ್ ಜಾಸ್ತಿ. ಮಾಲ್ಟ್ ನೆನೆಸಿದಾಗ ಅದರ ಪಿಎಚ್, ಅಂದರೆ ಹುಳಿಯ ಅಳತೆ (ಹುಳಿ ಕಡಿಮೆಯಾದಷ್ಟೂ ಅಂಕಿ ಜಾಸ್ತಿ), 5.2ರಿಂದ 5.6ರ ಒಳಗೆ ಇರಬೇಕು. ಬೈಕಾರ್ಬನೇಟ್ ಅದನ್ನು ಮೇಲಕ್ಕೆ ಎಳೆಯುತ್ತದೆ. ಆಗ ಕಾಳಿನ ಸಿಪ್ಪೆಯ ಒಗರು ಇಳಿದುಬರುತ್ತದೆ, ಹಾಪ್ಸ್‌ನ ಕಹಿ ಒರಟಾಗುತ್ತದೆ. ಕಪ್ಪಗೆ ಹುರಿದ ಮಾಲ್ಟ್‌ಗೆ ತನ್ನದೇ ಹುಳಿ ಇರುವುದರಿಂದ ಅದು ಇಂಥ ನೀರನ್ನು ತಡೆದುಕೊಳ್ಳುತ್ತದೆ. ಐರ್ಲೆಂಡಿನ ಗಡಸು ನೀರಿನ ಡಬ್ಲಿನ್‌ನಲ್ಲಿ ಕಪ್ಪು ಸ್ಟೌಟ್ ಹೆಸರಾಯಿತು. ಈಗಿನ ಚೆಕ್ ದೇಶದ, ಮೃದು ನೀರಿನ ಪಿಲ್ಸೆನ್‌ನಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಅನ್ನುವವರು ಬಂಗಾರ ಬಣ್ಣದ ಲಾಗರ್ ಮಾಡಿದರು. ತೆಳು ಬಣ್ಣದ ಬಿಯರ್‌ಗೆ ಬೈಕಾರ್ಬನೇಟ್ ಕಡಿಮೆ ಇರುವ ನೀರು ಬೇಕು. ನಾವು ಆರ್‌ಓ ನೀರು ತೆಗೆದುಕೊಂಡು, ಬೇಕಾದಷ್ಟು ಕ್ಯಾಲ್ಸಿಯಂ ಲವಣ ತೂಗಿ ಸೇರಿಸುತ್ತೇವೆ.

ಜೋಳದ ನಾಡಿನವರಾದ ನೀವು ಮುಂದೆ ಕೇಳಬಹುದಾದ ಪ್ರಶ್ನೆಗೆ ಈಗಲೇ ಉತ್ತರ ಹೇಳುತ್ತೇನೆ. ಹೌದು, ಜೋಳದಿಂದಲೂ ಬಿಯರ್ ಆಗುತ್ತದೆ. ನೈಜೀರಿಯಾ 1988ರಲ್ಲಿ ಬಾರ್ಲಿ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಬ್ರೂವರಿಗಳೆಲ್ಲ ಜೋಳಕ್ಕೆ ತಿರುಗಿದವು. ಜೋಳದ ಪಿಷ್ಟ ಬಾರ್ಲಿಗಿಂತ ಜಾಸ್ತಿ ಬಿಸಿಯಲ್ಲಿ ಬೇಯುತ್ತದೆ, ಸಕ್ಕರೆ ಮಾಡುವ ಕಿಣ್ವ ಅದರಲ್ಲಿ ಕಡಿಮೆ. ಅದಕ್ಕೆ ವಿಧಾನ ಬದಲಿಸಬೇಕು. ನಮ್ಮ ಬಿಳಿ ಜೋಳ ಹಾಕಿದ ಒಂದು ಬ್ಲಾಂಡ್ ಏಲ್ ಮಾಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ನೀವು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ, ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ.

ಕಸುಬಿನ ಶುರುವಿನಲ್ಲಿ ಆದದ್ದೊಂದು ಹೇಳುತ್ತೇನೆ. ಆಗ ನಾನು ಒಂದು ಸಣ್ಣ ಬ್ರೂವರಿಯಲ್ಲಿದ್ದೆ. ಹಬ್ಬದ ವಾರ, ಬಿಯರ್ ಕಡಿಮೆ ಬಿದ್ದಿತ್ತು. ಬ್ಲಾಂಡ್ ಏಲ್ ಟ್ಯಾಂಕ್ ಹುದುಗಿ ಮುಗಿದ ಹಾಗೆ ಕಂಡಿತು. ಎರಡು ದಿನ ಮೊದಲೇ ತಣ್ಣಗೆ ಮಾಡಿಬಿಟ್ಟೆವು. ಯೀಸ್ಟ್ ಹುದುಗುವಾಗ ವಾಸನೆ ಇಲ್ಲದ ಒಂದು ಅಂಶ ಬಿಡುತ್ತದೆ, ಅದು ಬಿಯರ್‌ನಲ್ಲಿ ನಿಧಾನಕ್ಕೆ, ಬಿಸಿಯಾದರೆ ಬೇಗ, ಡೈಅಸಿಟೈಲ್ ಆಗುತ್ತದೆ. ಡೈಅಸಿಟೈಲ್‌ದು ಬೆಣ್ಣೆ ಹಚ್ಚಿದ ಪಾಪ್‌ಕಾರ್ನ್ ವಾಸನೆ. ಬೆಚ್ಚಗೆ ಇನ್ನೊಂದೆರಡು ದಿನ ಬಿಟ್ಟರೆ ಯೀಸ್ಟೇ ಅದನ್ನು ತಿಂದು ಚೊಕ್ಕ ಮಾಡುತ್ತದೆ. ಆ ಸಮಯವನ್ನು ನಾವು ಕೊಡಲಿಲ್ಲ. ಹಿರಿಯ ಬ್ರೂವರ್ ಬಂದವರು ಎರಡು ಸ್ಟೀಲ್ ಲೋಟದಲ್ಲಿ ಬಿಯರ್ ಹಿಡಿದರು. ಒಂದನ್ನು ಹಾಗೇ ಮುಚ್ಚಿಟ್ಟರು. ಇನ್ನೊಂದನ್ನು 60 ಡಿಗ್ರಿ ಬಿಸಿನೀರಿನ ಪಾತ್ರೆಯಲ್ಲಿ ಅರ್ಧ ಗಂಟೆ ಇಟ್ಟು, ತಣಿಸಿ, ನನ್ನ ಮೂಗಿನ ಹತ್ತಿರ ಹಿಡಿದರು. ಮೊದಲನೆಯದರಲ್ಲಿ ಏನೂ ಗೊತ್ತಾಗಲಿಲ್ಲ. ಬಿಸಿ ಮಾಡಿದ್ದರಲ್ಲಿ ಸಿನಿಮಾ ಥಿಯೇಟರ್ ಬಾಗಿಲು ತೆಗೆದ ಹಾಗೆ ಬೆಣ್ಣೆ ವಾಸನೆ ಬಂತು. ‘ಇವತ್ತು ಚೊಕ್ಕ ಇದೆ, ಇನ್ನು ಹತ್ತು ದಿನಕ್ಕೆ ಗ್ಲಾಸಿನಲ್ಲಿ ಇದು ಬರುತ್ತದೆ’ ಅಂದರು. ತಣ್ಣಗೆ ಮಾಡಿದ್ದರಿಂದ ಯೀಸ್ಟ್ ಆಗಲೇ ತಳ ಸೇರಿತ್ತು. ಇಡೀ ಟ್ಯಾಂಕ್ ಚರಂಡಿಗೆ ಹೋಯಿತು. ಅವತ್ತಿನಿಂದ ಎಷ್ಟೇ ಅವಸರ ಇದ್ದರೂ ಆ ಎರಡು ಲೋಟದ ಪರೀಕ್ಷೆ ಮಾಡದೆ ನಾನು ಟ್ಯಾಂಕ್ ತಣಿಸುವುದಿಲ್ಲ.

ಇಷ್ಟೆಲ್ಲಾ ಕಾಳಜಿ ಮಾಡಿ ಹೊರಗೆ ಕಳಿಸಿದ ಬಿಯರ್ ಕಲಬುರಗಿ ಮೇ ತಿಂಗಳಲ್ಲಿ ಏನಾಗುತ್ತದೆ? ನಿಮ್ಮ ‘ಹಳಸಿದ ಹಾಗೆ’ ಅನ್ನುವ ಮಾತಿನ ಉತ್ತರ ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಬಿಯರ್‌ನ ದೊಡ್ಡ ಶತ್ರು ಬಿಸಿ. ಬಾಟಲಿಯೊಳಗೆ ಎಷ್ಟೇ ಕಡಿಮೆ ಆಮ್ಲಜನಕ ಉಳಿದಿದ್ದರೂ ಅದು ನಿಧಾನಕ್ಕೆ ರುಚಿ ಕೆಡಿಸುತ್ತಿರುತ್ತದೆ, ಬಿಸಿ ಆ ಕೆಲಸದ ವೇಗ ಹೆಚ್ಚಿಸುತ್ತದೆ. ನಮ್ಮ ಕಸುಬಿನಲ್ಲಿ 3-30-300 ಅಂತ ಒಂದು ಲೆಕ್ಕ ಇದೆ. ಬಿಯರ್‌ಗೆ 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ ಆಗುವ ವಯಸ್ಸು ಒಂದೇ. ಇದು ಬೆರಳ ಲೆಕ್ಕ, ಪ್ರಯೋಗಶಾಲೆಯ ಅಳತೆ ಅಲ್ಲ. ಆದರೆ 42 ಡಿಗ್ರಿ ದಾಟುವ ನಮ್ಮೂರಲ್ಲಿ ಫ್ಯಾನೂ ಇಲ್ಲದ ಗೋದಾಮಿನಲ್ಲಿ ಒಂದು ವಾರ ಕೂತ ಬಾಟಲಿಯ ಗತಿ ಯೋಚಿಸಿ. ಬಾಟಲಿ ಬಿಯರನ್ನು ಪಾಶ್ಚರೀಕರಣ ಮಾಡಿರುತ್ತಾರಲ್ಲ ಅಂತ ಕೇಳಬಹುದು. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಮುದಿತನವನ್ನು ತಡೆಯುವುದಿಲ್ಲ.

ನಾನು ಇದನ್ನು ಮನೆಯಲ್ಲೇ ನೋಡಿದ್ದೇನೆ. ಜೇವರ್ಗಿ ರಸ್ತೆ ಕಡೆ ನನ್ನ ಕಾಕಾ ಇದ್ದಾರೆ. ‘ಎಲ್ಲಾ ಒಂದೇ, ಚಿಲ್ಡ್ ಇದ್ರ ಸಾಕು’ ಅನ್ನುವವರು. ಒಂದು ಏಪ್ರಿಲ್‌ನಲ್ಲಿ ಒಂದೇ ದಿನ ತುಂಬಿದ ಆರು ಬಾಟಲಿ ಬ್ಲಾಂಡ್ ಏಲ್ ತೆಗೆದುಕೊಂಡು ಹೋಗಿದ್ದೆ. ಮೂರನ್ನು ಫ್ರಿಜ್‌ನಲ್ಲಿಟ್ಟೆವು. ಮೂರನ್ನು ಮಾಳಿಗೆ ಮೇಲಿನ ತಗಡಿನ ಕೋಣೆಯಲ್ಲಿ, ಗೋಣಿಚೀಲ ಹೊದಿಸಿ ಇಟ್ಟೆವು. ಬಿಸಿಲು ತಾಗದಂತೆ, ಬಿಸಿ ಮಾತ್ರ ತಾಗುವಂತೆ. ನಲವತ್ತು ದಿನದ ಮೇಲೆ ಹೋದಾಗ ಎಲ್ಲವನ್ನೂ ಒಂದು ದಿನ ಫ್ರಿಜ್‌ನಲ್ಲಿ ಸಮ ತಣಿಸಿ, ಎರಡು ಗ್ಲಾಸಿಗೆ ಒಂದೊಂದು ಬಗ್ಗಿಸಿದೆ. ಯಾವುದು ಯಾವುದು ಅಂತ ಕಾಕಾಗೆ ಹೇಳಲಿಲ್ಲ. ಬೆಳಕಿಗೆ ಹಿಡಿದರೆ ತಗಡಿನ ಕೋಣೆಯದು ಒಂದು ಕೂದಲೆಳೆ ಗಾಢ. ನೊರೆ ಎರಡರಲ್ಲೂ ಇತ್ತು. ಫ್ರಿಜ್‌ನ ಗ್ಲಾಸಿನಲ್ಲಿ ಮಾರಿ ಬಿಸ್ಕೆಟ್ ಘಮ, ಹಿಂದೆ ಮೋಸಂಬಿ ಸಿಪ್ಪೆ. ಇನ್ನೊಂದರಲ್ಲಿ ಮಳೆಗೆ ನೆನೆದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಹಳೇ ಜೇನಿನ ಸಿಹಿ. ಕಾಕಾ ಒಂದು ಗುಟುಕು ಕುಡಿದರು, ಇನ್ನೊಂದು ಸಲ ಮೂಸಿದರು, ಗ್ಲಾಸನ್ನು ಆಚೆ ಸರಿಸಿದರು. ‘ಇದು ಹಳೀ ಹಿಟ್ಟಿನ ರೊಟ್ಟಿ ಆದಂಗ ಆಗ್ಯಾದ ನೋಡಪ’ ಅಂದರು. ಮೇಲೆ ಹೇಳಿದ ರೊಟ್ಟಿಯ ಹೋಲಿಕೆ ನನಗೆ ಸಿಕ್ಕಿದ್ದು ಅವತ್ತು, ಅವರಿಂದ.

ಅದಕ್ಕೇ ನಮ್ಮೂರಲ್ಲಿ ಲೇಬಲ್‌ಗಿಂತ ಬಾಟಲಿ ನಡೆದು ಬಂದ ದಾರಿ ಮುಖ್ಯ. ಫ್ರೀಜರ್‌ನಲ್ಲಿ ಎಷ್ಟು ತಣಿಸಿದರೂ ಕೆಟ್ಟ ರುಚಿ ವಾಪಸ್ ಸರಿಯಾಗುವುದಿಲ್ಲ. ಅಂಗಡಿಯಲ್ಲಿ ತಯಾರಾದ ತಿಂಗಳು ನೋಡಿ. ಬ್ಲಾಂಡ್ ಏಲ್ ಆದಷ್ಟು ಹೊಸದೇ ಇರಬೇಕು, ಇಟ್ಟಷ್ಟೂ ರುಚಿ ಕಟ್ಟುವ ಸರಕು ಇದಲ್ಲ. ಹೊರಗಿನ ಕ್ರೇಟ್‌ನಿಂದ ಬೇಡ, ಫ್ರಿಜ್ ಒಳಗಿನಿಂದಲೇ ಕೊಡಿ ಅಂತ ಕೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಬಿಡುವಿಲ್ಲದೆ ಮಾರಾಟವಾಗುವ ಅಂಗಡಿಯಲ್ಲಿ ಸರಕು ಹೊಸದಿರುತ್ತದೆ. ಹಸಿರು ಅಥವಾ ಬಣ್ಣ ಇಲ್ಲದ ಬಾಟಲಿಯಾದರೆ ಬೆಳಕಿನ ಕಾಟವೂ ಇದೆ. ಹಾಪ್ಸ್‌ನ ಕಹಿ ಅಂಶದ ಮೇಲೆ ಬಿಸಿಲು ಬಿದ್ದರೆ ಗಂಧಕದ ಕೆಟ್ಟ ನಾತ ಹುಟ್ಟುತ್ತದೆ, ಅದಕ್ಕೆ ಕೆಲವು ನಿಮಿಷವೇ ಸಾಕು. ಕಂದು ಬಾಟಲಿ ಬಹಳಷ್ಟು ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ಆಯ್ಕೆ ಇದ್ದರೆ ನಾನು ಕ್ಯಾನ್ ತೆಗೆದುಕೊಳ್ಳುತ್ತೇನೆ.

ಇನ್ನು ಕುಡಿಯುವ ವಿಷಯ. ಫ್ರೀಜರ್ ಬಿಟ್ಟುಬಿಡಿ. ತೀರಾ ತಣ್ಣಗಿದ್ದರೆ ನಾಲಿಗೆ ಜಡವಾಗುತ್ತದೆ, ಘಮ ಮೇಲೇಳುವುದಿಲ್ಲ. ಸ್ಟ್ರಾಂಗ್ ಬಿಯರ್‌ಗೆ ಅದೇ ಅನುಕೂಲ, ಆಲ್ಕೋಹಾಲ್‌ನ ಉರಿ ಮುಚ್ಚುತ್ತದೆ. ಬ್ಲಾಂಡ್ ಏಲ್‌ನಲ್ಲಿ ಮುಚ್ಚಿದರೆ ಉಳಿಯುವುದು ತಣ್ಣನೆಯ ಗ್ಯಾಸ್ ನೀರು. ನಿಮಗೆ ಬೆಂಗಳೂರಿನಲ್ಲಿ ‘ಏನೂ ಇಲ್ಲ’ ಅನ್ನಿಸಲು ಇದೂ ಒಂದು ಕಾರಣ ಇರಬಹುದು. ಇದಕ್ಕೆ 7ರಿಂದ 10 ಡಿಗ್ರಿ ಸರಿ. ಚಳಿಗಾಲದಲ್ಲಿ ಫ್ರಿಜ್‌ನಿಂದ ತೆಗೆದು ಹತ್ತು ಹದಿನೈದು ನಿಮಿಷ ಬಿಡಿ. ಬೇಸಿಗೆಯಲ್ಲಿ ಐದು ನಿಮಿಷ ಸಾಕು, ಬಗ್ಗಿಸುವಷ್ಟರಲ್ಲೇ ಅರ್ಧ ಡಿಗ್ರಿ ಏರಿರುತ್ತದೆ. ಒಂದೇ ಸಲ ದೊಡ್ಡ ಗ್ಲಾಸು ತುಂಬಬೇಡಿ. ಕೋಲೋನ್‌ನವರ ಹಾಗೆ ಸಣ್ಣ ಗ್ಲಾಸಿಗೆ ಸ್ವಲ್ಪ ಸ್ವಲ್ಪ ಹಾಕಿಕೊಳ್ಳಿ, ಉಳಿದದ್ದು ಫ್ರಿಜ್‌ನಲ್ಲೇ ಇರಲಿ.

ಗ್ಲಾಸು ಗಾಜಿನದೇ ಆಗಲಿ. ಎಣ್ಣೆ ಪಸೆ, ಸೋಪಿನ ಪಸೆ ಇದ್ದರೆ ನೊರೆ ಸಾಯುತ್ತದೆ. ಒದ್ದೆ ಗ್ಲಾಸಿನ ಒಳಗೆ ಚಿಟಿಕೆ ಉಪ್ಪು ಉದುರಿಸಿ ತಿರುಗಿಸಿ. ಎಲ್ಲಾ ಕಡೆ ಸಮನಾಗಿ ಅಂಟಿದರೆ ಗ್ಲಾಸು ಚೊಕ್ಕ. ಉಪ್ಪು ನಿಲ್ಲದ ಜಾಗದಲ್ಲಿ ಜಿಡ್ಡು ಇದೆ. ಉಪ್ಪು ತೊಳೆದು, ತಣ್ಣೀರು ಹಾಯಿಸಿ, ಒರೆಸದೆ ಬಿಯರ್ ಬಗ್ಗಿಸಿ. ಮೊದಲರ್ಧ ಗ್ಲಾಸು ಓರೆ ಹಿಡಿದು, ಆಮೇಲೆ ನೆಟ್ಟಗೆ. ಎರಡು ಬೆರಳು ನೊರೆ ಬರಲಿ. ನೊರೆ ದಂಡ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಘಮ ಮೂಗಿಗೆ ಬರುವುದು ಅದರಿಂದಲೇ.

ಮೊದಲ ಗುಟುಕಿಗಿಂತ ಮೊದಲು ಮೂಸಿ. ಹುಡುಕಬೇಕಾದ್ದು ದೊಡ್ಡ ವಾಸನೆ ಅಲ್ಲ. ಬೇಕರಿ ಮುಂದೆ ಹಾದುಹೋದಾಗ ಬರುವ ಬನ್, ಖಾರಿ ಬಿಸ್ಕೆಟ್, ಹೊಸ ಗೋಧಿ ಹಿಟ್ಟಿನ ಚೀಲ ಬಿಚ್ಚಿದಾಗಿನ ಘಮ. ಇವು ಮಾಲ್ಟ್‌ನವು. ಹೂವು, ಹುಲ್ಲು, ನಿಂಬೆ ಅಥವಾ ಮೋಸಂಬಿ ಸಿಪ್ಪೆ ಸಿಕ್ಕರೆ ಅದು ಹಾಪ್ಸ್. ಸಿಟ್ರಸ್ ಕಡೆ ವಾಲಿದ್ದರೆ 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್‌ನಂಥ ಹಾಪ್ಸ್ ಇರಬಹುದು. ಆಮೇಲೆ ಸಣ್ಣ ಗುಟುಕು, ಬಾಯಲ್ಲಿ ಒಂದು ಕ್ಷಣ ನಿಲ್ಲಿಸಿ. ಮೊದಲು ತೆಳು ಸಿಹಿ, ನಡುವೆ ಕಾಳಿನ ರುಚಿ, ನುಂಗಿದ ಮೇಲೆ ಒಂದು ಮೃದು ಕಹಿ ಬಂದು ಸಿಹಿಯನ್ನು ಒರೆಸಿಕೊಂಡು ಹೋಗಬೇಕು. ಬಾಯಿ ಒಣಗಿ ಇನ್ನೊಂದು ಗುಟುಕು ಬೇಕು ಅನ್ನಿಸಬೇಕು. ಬೆಣ್ಣೆ, ಹಸಿ ಸೇಬಿನ ಕಟು, ಬೇಯಿಸಿದ ಮೆಕ್ಕೆಜೋಳದ ನೀರು, ರಟ್ಟು ಇವು ಸಿಕ್ಕರೆ ಬಿಯರ್‌ನಲ್ಲೇ ದೋಷ ಇದೆ. ನಾಲ್ಕೈದು ಸಲ ಹೀಗೆ ಕುಡಿದರೆ ನಿಮಗೇ ಗುರುತು ಹತ್ತುತ್ತದೆ. ಪಕ್ಕದಲ್ಲಿ ಒಂದು ಸಾದಾ ಲಾಗರ್ ಇಟ್ಟುಕೊಂಡು ಒಂದಾದ ಮೇಲೆ ಒಂದು ಕುಡಿದರೆ ಇನ್ನೂ ಬೇಗ.

ಇದರ ಜೊತೆ ಊಟ ಆರಿಸುವಾಗ ಖಾರದ ಮೇಲೆ ಕಣ್ಣಿರಲಿ. ಬಿಯರ್‌ನ ಗ್ಯಾಸ್, ಕಹಿ, ಆಲ್ಕೋಹಾಲ್ ಮೂರೂ ಮೆಣಸಿನಕಾಯಿ ಉರಿಯನ್ನು ಏರಿಸುತ್ತವೆ. ಬ್ಲಾಂಡ್ ಏಲ್‌ನಲ್ಲಿ ಕಹಿಯೂ ಆಲ್ಕೋಹಾಲೂ ಕಡಿಮೆ, ಹಾಗಾಗಿ ನಮ್ಮ ಊಟಕ್ಕೆ ಇದು ಸ್ಟ್ರಾಂಗ್‌ಗಿಂತ ಒಳ್ಳೆಯ ಜೊತೆ. ಆದರೂ ಕೆಂಪು ಖಾರದ ಮಟನ್ ಮುಂದೆ ಇದು ಕಳೆದೇಹೋಗುತ್ತದೆ. ಮಿರ್ಚಿ ಭಜಿ ಆಗುತ್ತದೆ, ಕಡ್ಲಿಹಿಟ್ಟಿನ ಕವಚ ಉರಿಯನ್ನು ತಡೆಯುತ್ತದೆ, ಬಾಯಲ್ಲಿನ ಎಣ್ಣೆ ಜಿಡ್ಡನ್ನು ಬಿಯರ್ ತೊಳೆಯುತ್ತದೆ. ಕಲಬುರಗಿ ತಹರಿ ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಅರಿಶಿನದ ಅನ್ನ, ಹದ ಮಸಾಲೆ, ಒಂದನ್ನೊಂದು ತುಳಿಯುವುದಿಲ್ಲ. ಪುಂಡಿ ಪಲ್ಯದ ಹುಳಿಗೆ ಮಾತ್ರ ಈ ಬಿಯರ್ ಸಪ್ಪೆ ಅನ್ನಿಸುತ್ತದೆ.

ಸ್ಟ್ರಾಂಗ್ ಬಿಟ್ಟು ಇದಕ್ಕೆ ಬನ್ನಿ ಅಂತ ನಾನು ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಶೇ. 8ರ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ ಆಲ್ಕೋಹಾಲ್ ಇರುತ್ತದೆ. ಶೇ. 5ರ 330 ಮಿ.ಲೀ. ಪಿಂಟ್‌ನಲ್ಲಿ 13 ಗ್ರಾಂ. ಆಲ್ಕೋಹಾಲ್‌ಗೆ ಅಪಾಯವೇ ಇಲ್ಲದ ಅಳತೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹಾಗಾಗಿ ಕುಡಿಯುವುದು ಕಡಿಮೆಯೇ ಇರಲಿ, ಆ ಕಡಿಮೆಯಲ್ಲಿ ರುಚಿ ಇರಲಿ. ಗಾಡಿ ಮುಟ್ಟಬೇಡಿ. 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ, ಅಷ್ಟಾಗಲು ಒಂದು ದೊಡ್ಡ ಬಾಟಲಿ ಸಾಕು. ಮನೆಯಲ್ಲಿ 21 ತುಂಬದ ತಮ್ಮಂದಿರಿದ್ದರೆ ಅವರಿಗೆ ಈ ಪಾಠ ಬೇಡ.

ಈ ಮೇ ತಿಂಗಳಲ್ಲಿ ಬಾಟಲಿ ಹುಡುಕಿಕೊಂಡು ಅಲೆಯಬೇಡಿ. ಚಳಿಗಾಲಕ್ಕೆ ಕಾಯಿರಿ. ಆಗ ಗೋದಾಮೂ ತಣ್ಣಗಿರುತ್ತದೆ, ಲಾರಿಯೂ ತಣ್ಣಗಿರುತ್ತದೆ. ಡಿಸೆಂಬರ್ ಜನವರಿಯಲ್ಲಿ ಹೊಲದಲ್ಲಿ ಸೀತನಿ ಬಂದಾಗ, ಕುಳ್ಳಿನ ಕೆಂಡದಲ್ಲಿ ಸುಟ್ಟ ತೆನೆಯನ್ನು ಗೋಣಿಚೀಲದ ಮೇಲೆ ಬಡಿದು ಕಾಳು ಉದುರಿಸುತ್ತಾರಲ್ಲ, ಆ ಬಿಸಿ ಕಾಳು ಒಂದು ಮುಷ್ಟಿ, ಪಕ್ಕಕ್ಕೆ ಸ್ವಲ್ಪ ಶೇಂಗಾ ಹಿಂಡಿ, ಒಂದು ಸಣ್ಣ ಗ್ಲಾಸು ಹೊಸ ಬ್ಲಾಂಡ್ ಏಲ್ ಇಟ್ಟುಕೊಳ್ಳಿ. ಎಳೆ ಜೋಳದ ಹಾಲಿನ ಸಿಹಿಯೂ ಮಾಲ್ಟ್‌ನ ಸಿಹಿಯೂ ಒಂದೇ ಕಡೆಯಿಂದ ಬಂದವು, ಎರಡೂ ಕಾಳಿನವು. ಮೊದಲು ಸೀತನಿ ಅಗಿಯಿರಿ, ಆಮೇಲೆ ಗುಟುಕು. ಆಗ ಗ್ಲಾಸಿನಲ್ಲಿ ಏನಿತ್ತು ಅಂತ ನನಗೆ ಬರೆಯಿರಿ.